ಇಳಿಯೋಕೆ ಅರ್ಧ ದಿನ

ಆರೋಗ್ಯ ಕಚೇರಿಯ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ದರ್ಜಿಯ ಕಿವಿಗೆ, ದಟ್ಟ ಕಾಡಿನ ಹೊಳೆಯೂರಿಗೆ ನರ್ಸ್ ಕೇಳಲು ಬಂದಿದ್ದ ಅಕ್ಕ-ತಮ್ಮನ ಮಾತು ಬಿತ್ತು.

"ಕೊಡಲ್ವಂತೆ ಅಕ್ಕ. ಆಸ್ಪತ್ರೆ ಹತ್ತಿರಾನೇ ಇದೆಯಂತೆ."

"ಅವರಿಗೆ ಎಷ್ಟು ದೂರ ಅಂದೆ?"

"ದೋಣೀಲಿ ಅರ್ಧ ದಿನ."

"ಅಯ್ಯೋ ಪೆದ್ದೇ, ಅದು ಹೊಳೆ ಇಳಿಯೋಕೆ! ಸೆಳವಿಗೆ ಎದುರಾಗಿ ಹತ್ತೋಕೆ ಎರಡು ದಿನ ಅನ್ಲಿಲ್ವಾ?"

"ಆಮೇಲೆ ಅಂದೆ. ವಾಸಿಯಾದೋರಿಗೆ ವಾಪಸ್ ಹೋಗೋಕೆ ಏನವಸರ ಅಂತ ನಕ್ರು."

"ನೀನೂ ಹಲ್ಲು ಕಿರಿದು ಬಂದೆ. ಮುಂದಿನ ತಿಂಗಳು ನಿನ್ನ ಹೆಂಡ್ತಿ ನೋವು ತಿನ್ನುವಾಗ ದೋಣಿಗೆ ಹಾಕೋಕಾಗುತ್ತಾ? ನೀನು ಇಳಿದು ನರ್ಸ್ ಕರ್ಕೊಂಡು ಹತ್ತೋಕೆ ಎರಡೂವರೆ ದಿನ. ಮಗು ಕಾಯುತ್ತಾ?"

"ಅರ್ಜಿ ತಗೊಳ್ಳೋ ಕಿಟಕಿ ಮುಚ್ಚಿಬಿಟ್ರಲ್ಲ."

"ಮುಚ್ಲಿ. ಎರಡೂವರೆ ದಿನ ಅದರ ಮುಂದೇನೇ ಕೂರೋಣ. ಅಷ್ಟು ಹೊತ್ತು ಅಂದ್ರೆ ಎಷ್ಟು ಉದ್ದ ಅಂತ ಅವರಿಗೂ ಗೊತ್ತಾಗ್ಲಿ."

ಅಕ್ಕ ಗಂಟು ಎತ್ತಿಕೊಂಡು ಎದ್ದು ಕಿಟಕಿಯ ಕಡೆ ನಡೆದಳು. ತಮ್ಮ ಹಿಂದೆಯೇ ಹೋದ.