ಬಿದ್ದದ್ದು ಸೈಕಲ್‌ನಿಂದಲೇ

ಹೆಬ್ಬೆರಳು ಊದಿಸಿಕೊಂಡು ಎಕ್ಸ್‌ರೇ ಕೋಣೆಯ ಹೊರಗೆ ಕೂತಿದ್ದ ಪ್ಲಂಬರ್‌ನ ಕಿವಿಗೆ, ಪಕ್ಕದಲ್ಲಿದ್ದ ಅತ್ತೆ-ಸೊಸೆಯ ಪಿಸುಮಾತು ಬಿತ್ತು. ಅರವತ್ತು ದಾಟಿದ ಅತ್ತೆಯ ಮಣಿಕಟ್ಟಿಗೆ ಸೊಸೆ ಐಸ್ ಒತ್ತಿ ಹಿಡಿದಿದ್ದಳು.

“ಬಾತ್‌ರೂಮಲ್ಲಿ ಜಾರಿದ್ರಿ ಅಂತ ನಿಮ್ಮ ಮಗನಿಗೆ ಹೇಳೋಣ ಅತ್ತೆ.”

“ಈ ವರ್ಷ ಸುಳ್ಳು ಹೇಳಲ್ಲ ಅಂತ ಶಪಥ ಮಾಡಿದೀನಲ್ಲೇ.”

“ಸೈಕಲ್ ಕಲೀತೀನಿ ಅಂತಾನೂ ಮಾಡಿದ್ರಿ!”

“ಅದನ್ನೂ ಬಿಟ್ಟಿಲ್ಲವಲ್ಲ. ಬ್ರೇಕ್ ಹಿಡಿಯೋದು ಮರೆತೆ, ಅಷ್ಟೇ.”

“ನಿಜ ಹೇಳಿದ್ರೆ ಅವರು ಸೈಕಲ್‌ನ ಇವತ್ತೇ ಗುಜರಿಗೆ ಹಾಕ್ತಾರೆ. ಎರಡರಲ್ಲಿ ಒಂದು ಶಪಥ ಮುರೀಲೇಬೇಕು, ನೋಡಿ.”

ಅಷ್ಟರಲ್ಲಿ ಮಗನದೇ ಫೋನ್ ಬಂತು. ಸೊಸೆ ಬೇಡ ಬೇಡ ಅಂತ ಕೈಯಾಡಿಸಿದರೂ ಅತ್ತೆ ಎಡಗೈಯಲ್ಲಿ ಎತ್ತಿಕೊಂಡರು.

“ಹೌದಪ್ಪ, ಬಿದ್ದೆ. ಸೈಕಲ್‌ನಿಂದ. ಸೀಟು ಹಿಡ್ಕೊಂಡಿದ್ದು ನಿನ್ನ ಹೆಂಡ್ತಿನೇ.”

ಸೊಸೆ ಹಣೆ ಚಚ್ಚಿಕೊಂಡಳು.

“ಕೂಗಾಡಬೇಡ. ಚಿಕ್ಕವನಿದ್ದಾಗ ನೀನು ಎಷ್ಟು ಸಲ ಬಿದ್ದಿಲ್ಲ? ನಾನು ನಿನ್ನ ಸೈಕಲ್ ಕಿತ್ಕೊಂಡೆನಾ?”

ಅತ್ತೆ ಒಂದಷ್ಟು ಹೊತ್ತು ಹ್ಞೂಂಗುಟ್ಟಿ ಫೋನ್ ಇಟ್ಟರು.

“ಏನಂದ್ರು?”

“ಕೈ ವಾಸಿಯಾದ ಮೇಲೆ ಸೀಟು ತಾನೇ ಹಿಡ್ಕೋತಾನಂತೆ. ನಿನಗೆ ಹಿಡಿಯೋಕೆ ಬರಲ್ಲವಂತೆ.”

“ನನಗಾ? ನೀವು ಪೆಡಲ್ ತುಳಿದ ರಭಸಕ್ಕೆ ಯಾರು ಹಿಡಿದ್ರೂ ಅಷ್ಟೇ!”

ಪ್ಲಂಬರ್ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ. ನರ್ಸ್ ಬಾಗಿಲು ತೆರೆದು, “ಹೇಗೆ ಬಿದ್ರಿ ಅಮ್ಮ?” ಅಂತ ಕೇಳಿದಳು.

ಅತ್ತೆ ಬಾಯಿ ತೆರೆಯುವ ಮೊದಲೇ ಸೊಸೆ, “ಸೈಕಲ್ ಕಲೀತಿದಾರೆ ನಮ್ಮತ್ತೆ,” ಎಂದು ಹೆಮ್ಮೆಯಿಂದ ಹೇಳುತ್ತಾ ಅವರನ್ನು ಒಳಗೆ ಕರೆದುಕೊಂಡು ಹೋದಳು.