ಸಾವ್ಕಾರನ ಪುಂಡಿ, ನಮ್ಮ ಬಾಳಿಮೀನು

ಅಲ್ಲ, ಈಗ ನೀವು ನೋಡಾ ಕಮಲಾಪುರದ ಕೆರಿ ಬ್ಯಾರೆ, ನಾ ಹೇಳಾದು ಬ್ಯಾರೆ. ಡ್ಯಾಂ ಇನ್ನಾ ಕಟ್ಟಿರಲಿಲ್ಲ, ಮದ್ರಾಸಿನ ಸರ್ಕಾರ, ಯುದ್ಧದ ಕಾಲ, ಅಕ್ಕಿಗೆ ರೇಷನ್ನು. ನಾವು ಬೆಸ್ತರು, ಮೀನು ಸಿಕ್ರ ಒಲಿ ಹತ್ತತಿತ್ತು, ಇಲ್ಲಂದ್ರ ಇಲ್ಲ. ಕೆರಿ ಮೂಡಲ ಮೂಲ್ಯಾಗ ಜೊಂಡು ಬೆಳದಿತ್ತು. ಜೊಂಡು ಅಂದ್ರ ಆಳೆತ್ತರದ ನೀರಹುಲ್ಲು, ಗೊತ್ತಾತಲ್ಲ? ಬಾಳಿಮೀನಿನ ಮರಿ ಅದರ ಬುಡದಾಗ ಅಡಗಿ ಬೆಳಿತಿದ್ವು. ಅಲ್ಲಿ ನಮ್ಮೋರು ಯಾರೂ ಬಲಿ ಬೀಸ್ತಿದ್ದಿಲ್ಲ. ಅದು ಬಾಣಂತಿ ಕೋಣಿ, ಕಾಲಿಡಬ್ಯಾಡ್ರಿ ಅಂತಿದ್ಲು ನಮ್ಮತ್ತಿ.

ಅಲ್ಲಿಗೇ ಬಂದ ನೋಡು, ನಾರಿನ ಸಾವ್ಕಾರ. ಯುದ್ಧಕ್ಕ ಹಗ್ಗ ಬೇಕಾಗಿತ್ತು. ಜೊಂಡು ಕೊಯ್ಸಿ, ಪುಂಡಿ ಹೊರಿ ಮುಳುಗಿಸಿ, ಮ್ಯಾಲೆ ಕಲ್ಲು ಹೇರಿಸಿದ. ಪುಂಡಿ ಅಂದ್ರ ನಾವು ಪಲ್ಲೆ ಮಾಡ್ತೀವಲ್ಲ ಅದಾ, ಅದರ ದಂಟು ನೀರಾಗ ಕೊಳತ್ರ ನಾರು ಬಿಡತೈತಿ. ಎಂಟು ದಿನಕ್ಕ, ಅಲ್ಲಲ್ಲ, ಆರನೇ ದಿನಕ್ಕಾ ನೀರು ಕರ್ರಗಾತು. ಕೊಳಿಯೋ ಪುಂಡಿ ನೀರಿನ ಉಸಿರು ಕುಡದು ಬಿಡತೈತಿ, ತಿಳೀತಾ? ಮರಿ ಎಲ್ಲಾ ಮ್ಯಾಲೆ ಬಂದು ಬಾಯಿ ಬಾಯಿ ಬಿಟ್ವು, ಆಮ್ಯಾಲೆ ಹೊಟ್ಟಿ ಮ್ಯಾಲೆ ಮಾಡಿ ತೇಲಿದ್ವು. ಅತ್ತಿ ಕೇಳಾಕ ಹೋದ್ರ ಅಂವ ನಕ್ಕೊಂತ, "ಮೀನು ಮತ್ತ ಹುಟ್ಟತಾವ ಬಿಡಬೇ. ಯುದ್ಧ ನಿಂತ್ರ ನನ್ನ ಹಗ್ಗ ಯಾರು ಕೊಳ್ತಾರ?" ಅಂದ.

ಆದ್ರ ಎದಿಮಟ ನೀರಿಗಿಳಿದು ಹೊರಿ ಎತ್ತೋರು ಯಾರು? ನಾವಾ. ಪುಂಡಿಗೆ ದಿನ ಭಾಳ ಮುಖ್ಯ, ಹದ ತಪ್ಪಿದ್ರ ನಾರು ಗೊಬ್ಬರ ಆಗತೈತಿ. ಹದದ ದಿನ ಕರಿಯಾಕ ಬಂದ. ನಮ್ಮ ಓಣಿ ಓಣಿನಾ ಕೆರಿ ಏರಿ ಮ್ಯಾಲೆ ಕುಂತಿತ್ತು, ಒಬ್ಬರೂ ಏಳಲಿಲ್ಲ. ಅತ್ತಿ ಎಲಿಗೆ ಸುಣ್ಣ ಹಚ್ಚಿಕೊಂತ, "ಇಳೀರಿ ಸಾವ್ಕಾರ್ರ, ನೀರು ನಿಮ್ದಾ ಅಲ್ಲೇನ್ರಿ?" ಅಂದ್ಲು. ಧೋತರ ಎತ್ತಿ ಇಳದ, ಕೆಸರಾಗ ಕುಂತುಬಿಟ್ಟ. ನಾಕು ದಿನ ಬಂದ, ಬೇಡಿಕೊಂಡ, ಅತ್ತ. ನಾರೆಲ್ಲಾ ಅಂಬಲಿ ಆತು. ನನಗಾದ ಖುಷಿ ಇವತ್ತಿಗೂ ಹೊಟ್ಟ್ಯಾಗ ಬೆಚ್ಚಗೈತಿ, ಸುಳ್ಳ್ಯಾಕ ಹೇಳ್ಲಿ.

ಅಂವ ಹೊಸಪ್ಯಾಟಿಗೆ ಹೋಗಿ ಬ್ಯಾರೆ ಧಂದೆ ಹಿಡದ. ಹೊರಿ ಮಾತ್ರ ನಮ್ಮ ಕೆರ್‍ಯಾಗಾ ಕೊಳತ್ವು. ಕಪ್ಪು ನೀರು ತೂಬಿನ ಮಡುವಿಗೂ ಬಂತು. ಅಲ್ಲಿ ತಾಯಿಮೀನು ಇದ್ವು, ಅವೂ ತೇಲಿದ್ವು. ನಾವು ಏರಿ ಮ್ಯಾಲೆ ಕುಂತು ನಗೋದ್ರಾಗ ಅದನ್ನ ನೋಡ್ಲೇ ಇಲ್ಲ. ಮುಂದಿನ ಮಳಿಗೆ ಆ ಮೂಲ್ಯಾಗ ಒಂದೂ ಮರಿ ಇಲ್ಲ. ಬಲಿ ಒಣಾ ಹಾಕಿ ಕಲ್ಲು ಹೊರೋ ಕೂಲಿಗೆ ಹೋದ್ವಿ.

ಸೇಡು ತೀರಿಸ್ಕೊಳ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮದ್ಲು ಅವನ ಹೊರಿ ನಿಮ್ಮ ನೀರಿಂದ ಎತ್ತಿ ದಂಡಿಗೆ ಒಗೀರಿ.