ಹದಿನಾಲ್ಕನೇ ಚಮಚ

"ನನ್ನ ಮದುವೆಗೂ ಮುಂಚೆ ನೀನು ಮಾತು ಕೊಟ್ಟಿದ್ದೆ, ಫೋನ್ ಒತ್ತೋ ರಬ್ಬರ್ ಬೆರಳು ಮಾಡಿಕೊಡ್ತೀನಿ ಅಂತ. ಈಗ ಮಗಳು ಸ್ಕೂಲಿಗೆ ಹೋಗ್ತಾಳೆ, ನಾನಿನ್ನೂ ಮೂಗಲ್ಲೇ ಒತ್ತುತ್ತಿದೀನಿ."

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬಳು ಹೀಗೆಂದಳು. ಅವಳ ಬಲಗೈಗೆ ಬೆರಳುಗಳಿರಲಿಲ್ಲ. ಪಕ್ಕದಲ್ಲಿದ್ದವನು ಅವಳ ತಮ್ಮ, ರಬ್ಬರ್ ಕಾರ್ಖಾನೆಯಲ್ಲಿ ಕೆಲಸಗಾರ.

"ಬರೀ ರಬ್ಬರಲ್ಲಿ ಕರೆಂಟ್ ಹರಿಯಲ್ಲಕ್ಕ, ಫೋನಿಗೆ ಮುಟ್ಟಿದ್ದೇ ಗೊತ್ತಾಗಲ್ಲ. ಇಂಗಾಲದ ಪುಡಿ ಬೆರೆಸಬೇಕು."

"ಹೋದ ಸಲ ಬೆರೆಸಿದ್ದೆಯಲ್ಲ, ಇಟ್ಟಿಗೆ ಆಗಿತ್ತು."

"ಅವಸರಕ್ಕೆ ಡಬ್ಬಿಯನ್ನೇ ಸುರಿದಿದ್ದೆ. ಈ ಸಲ ಒಂದೊಂದೇ ಚಮಚ ಹಾಕಿದೆ. ಹದಿಮೂರರವರೆಗೂ ಕರೆಂಟ್ ಅಳೆಯೋ ಮೀಟರಿನ ಮುಳ್ಳು ಸತ್ತ ಹಾಗೆ ಬಿದ್ದಿತ್ತು. ಹದಿನಾಲ್ಕನೇದಕ್ಕೆ ಧಡಕ್ಕನೆ ಎದ್ದು ಕೂತಿತು."

"ಒಂದು ಚಮಚಕ್ಕೆ ಅಷ್ಟು ಸೊಕ್ಕಾ?"

"ಅದೊಂದರದ್ದೇ ಅಲ್ಲ. ಅಲ್ಲಲ್ಲಿ ಗುಂಪು ಕಟ್ಟಿಕೊಂಡಿದ್ದ ಪುಡಿಯೆಲ್ಲ ಈ ತುದಿಯಿಂದ ಆ ತುದಿಗೆ ಕೈ ಕೈ ಹಿಡಿದುಕೊಳ್ತು."

"ನಮ್ಮ ನೆಂಟರಿಗೂ ಒಂದು ಚಮಚ ಹಾಕೋ."

ತಮ್ಮ ಜೇಬಿನಿಂದ ಕಪ್ಪು ಬೆರಳೊಂದನ್ನು ತೆಗೆದು ಅವಳ ಅಂಗೈಗೆ ಪಟ್ಟಿಯಿಂದ ಬಿಗಿದ. ಅವಳು ಎಡಗೈಯಲ್ಲಿ ಫೋನ್ ಹಿಡಿದು, ಆ ಬೆರಳಿಂದ ತಮ್ಮನ ನಂಬರ್ ಒತ್ತಿದಳು. ತಮ್ಮನ ಫೋನ್ ರಿಂಗಾಯಿತು.

"ಹಲೋ, ಎಲ್ಲಿದೀಯಕ್ಕ?"

"ನಿನ್ನ ತಲೆ ಮೇಲೆ. ಏಳು, ಸ್ಟಾಪ್ ಬಂತು."

ಇಬ್ಬರೂ ಫೋನ್ ಕಿವಿಗೆ ಹಿಡಿದುಕೊಂಡೇ ಇಳಿದರು. ತಮ್ಮ ಕೊಟ್ಟ ಮಾತು ಉಳಿಸಿಕೊಂಡಿದ್ದ.